ಮೂರ್ಛೆ, ಕೀಲಿ ಗೊಂಚಲು ಮತ್ತು ಒಂದು ತಣ್ಣನೆಯ ಬಳೆ

ಹುನಗುಂದದ ಬಸ್ ನಿಲ್ದಾಣವಿರಲಿ, ಬಾದಾಮಿಯ ಬನಶಂಕರಿ ಜಾತ್ರೆಯಿರಲಿ, ಇಳಕಲ್ಲಿನ ಯಾವುದೋ ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲಿರಲಿ. ನಿಂತಿದ್ದ ಹುಡುಗನೊಬ್ಬ ಇದ್ದಕ್ಕಿದ್ದಂತೆ ಕುಸಿದು ಬೀಳುತ್ತಾನೆ. ಕೈಕಾಲು ಸೆಟೆದುಕೊಳ್ಳುತ್ತವೆ, ಹಲ್ಲು ಕಚ್ಚಿಕೊಳ್ಳುತ್ತವೆ, ಬಾಯಿಂದ ನೊರೆ ಬರುತ್ತದೆ. ಕ್ಷಣದಲ್ಲಿ ಸುತ್ತ ಜನ ಸೇರುತ್ತಾರೆ. ಆ ಗುಂಪಿನಲ್ಲಿ ಒಬ್ಬರಾದರೂ ಕೂಗುತ್ತಾರೆ: ‘ಕೀಲಿ ಗೊಂಚಲಾ ತರ್ರಿ! ಕೈಯಾಗ ಕಬ್ಬಣ ಹಿಡಸ್ರಿ!’

ಗೊಂಚಲು ಬರುತ್ತದೆ. ಹುಡುಗನ ಬಿಗಿದ ಮುಷ್ಟಿಯನ್ನು ಬಿಡಿಸಿ ಅದನ್ನು ತುರುಕಲಾಗುತ್ತದೆ. ಎರಡು ಮೂರು ನಿಮಿಷಗಳಲ್ಲಿ ಸೆಟೆತ ನಿಲ್ಲುತ್ತದೆ. ‘ನೋಡಿದ್ರ್ಯಾ, ಕಬ್ಬಣಕ್ಕ ಬಿಡ್ತು’ ಎಂದು ಜನ ಚದುರುತ್ತಾರೆ. ಆದರೆ ಬಹುಪಾಲು ಮೂರ್ಛೆಗಳು ಕೀಲಿ ಕೊಟ್ಟರೂ ಕೊಡದಿದ್ದರೂ ಅಷ್ಟೇ ಹೊತ್ತಿನಲ್ಲಿ ತಾವಾಗಿಯೇ ನಿಲ್ಲುತ್ತವೆ. ಕಬ್ಬಿಣಕ್ಕೆ ಸಿಕ್ಕಿದ್ದು ಪುಕ್ಕಟೆ ಕೀರ್ತಿ ಅಷ್ಟೆ.

ಹಾಗಿದ್ದರೆ ಮಿದುಳಿಗೂ ಕಾಂತಶಕ್ತಿಗೂ ಸಂಬಂಧವೇ ಇಲ್ಲವೆ? ಇದೆ. ನಮ್ಮೆಲ್ಲರ ಮಿದುಳಿನಿಂದಲೂ ಹಗಲಿರುಳು ಕಾಂತಕ್ಷೇತ್ರವೊಂದು ಹೊಮ್ಮುತ್ತಲೇ ಇರುತ್ತದೆ. ಅದು ಎಷ್ಟು ಕ್ಷೀಣವೆಂದರೆ ಕೀಲಿ ಗೊಂಚಲಂತೂ ಇರಲಿ, ಅತ್ಯಂತ ಚುರುಕಾದ ದಿಕ್ಸೂಚಿಗೂ ಅದರ ಸುಳಿವು ಹತ್ತುವುದಿಲ್ಲ. ಅದನ್ನು ಹಿಡಿಯಬಲ್ಲ ಒಂದು ಪುಟ್ಟ ಬಳೆಯಿದೆ. ಮಾತ್ರೆಗೆ ಬಗ್ಗದ ಮೂರ್ಛೆ ಮಿದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತಿದೆ ಎಂಬುದನ್ನು ವೈದ್ಯರು ಇಂದು ಆ ಬಳೆಯ ನೆರವಿನಿಂದ ಹುಡುಕುತ್ತಾರೆ.

ಮೊದಲು ಮಿದುಳಿನ ಸಂಗತಿ. ಅಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಪರಸ್ಪರ ಮಾತಾಡುವುದು ಅತಿ ಸಣ್ಣ ವಿದ್ಯುತ್ ಪ್ರವಾಹಗಳ ಮೂಲಕ. ವಿದ್ಯುತ್ ಹರಿದಲ್ಲೆಲ್ಲ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ತಂತಿಯಲ್ಲಿ ಕರೆಂಟು ಹರಿಸಿ ಪಕ್ಕದ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಹೈಸ್ಕೂಲಿನ ಮಕ್ಕಳು ಪ್ರಯೋಗಶಾಲೆಯಲ್ಲಿ ನೋಡಿಯೇ ಇರುತ್ತಾರೆ. ಮಿದುಳಿನಲ್ಲೂ ನಡೆಯುವುದು ಅದೇ. ಒಂದೆರಡು ನರಕೋಶಗಳ ದನಿ ಯಾರಿಗೂ ಕೇಳಿಸದು. ಹತ್ತಾರು ಸಾವಿರ ಕೋಶಗಳು ಒಟ್ಟಿಗೆ ಒಂದೇ ದಿಕ್ಕಿನಲ್ಲಿ ಮಿಡಿದಾಗ ಮಾತ್ರ ತಲೆಬುರುಡೆಯ ಹೊರಗೆ ಅದರ ಛಾಯೆ ಸಿಗುತ್ತದೆ. ಮೂರ್ಛೆರೋಗದಲ್ಲಿ ಆಗುವುದೂ ಇದೇ. ಎಲ್ಲೋ ಒಂದು ಕಡೆಯ ನರಕೋಶಗಳ ಗುಂಪು ಶಿಸ್ತು ಮರೆತು ಒಟ್ಟಿಗೆ ಅಬ್ಬರಿಸತೊಡಗುತ್ತದೆ.

ಆ ಛಾಯೆ ಎಷ್ಟು ತೆಳು ಎಂಬುದಕ್ಕೆ ಲೆಕ್ಕ ಬೇಕೆ? ದಿಕ್ಸೂಚಿಯನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರ ನಮ್ಮ ಬಾಗಲಕೋಟೆಯ ಸೀಮೆಯಲ್ಲಿ ಸುಮಾರು 40 ಮೈಕ್ರೊಟೆಸ್ಲಾ. ನಮ್ಮ ಗುಂಡಿಗೆಯ ಬಡಿತದ ಕಾಂತಕ್ಷೇತ್ರ ಅದರ ಹತ್ತು ಲಕ್ಷದ ಒಂದು ಪಾಲಿನ ಆಸುಪಾಸು. ಮಿದುಳಿನದೋ ಸುಮಾರು 100 ಫೆಮ್ಟೊಟೆಸ್ಲಾ, ಅಂದರೆ ಭೂಮಿಯ ಕ್ಷೇತ್ರದ 40 ಕೋಟಿಯ ಒಂದು ಪಾಲು! ನಲವತ್ತು ಕೋಟಿ ರೂಪಾಯಿಯ ರಾಶಿಯಲ್ಲಿ ಯಾರೋ ಒಂದು ರೂಪಾಯಿ ಸೇರಿಸಿದರು, ಇನ್ಯಾರೋ ತೆಗೆದರು ಎಂಬುದನ್ನು ಪತ್ತೆ ಮಾಡಿದ ಹಾಗೆ.

ಮಾಮೂಲಿ ತಾಮ್ರದ ತಂತಿಯಿಂದ ಇದು ಸಾಧ್ಯವೆ? ಪ್ರಯತ್ನಗಳೇನೋ ನಡೆದವು. 1963ರಲ್ಲಿ ಅಮೆರಿಕದ ಬೌಲೆ ಮತ್ತು ಮ್ಯಾಕ್‌ಫೀ ಎಂಬ ವಿಜ್ಞಾನಿಗಳು ಇಪ್ಪತ್ತು ಲಕ್ಷ ಸುತ್ತು ತಂತಿ ಸುತ್ತಿದ ಸುರುಳಿಗಳಿಂದ ಹೃದಯದ ಕಾಂತಕ್ಷೇತ್ರವನ್ನು ಮೊದಲ ಬಾರಿಗೆ ಅಳೆದರು. 1968ರಲ್ಲಿ ಡೇವಿಡ್ ಕೋಹೆನ್ ಎಂಬಾತ ಅಂಥದೇ ಸುರುಳಿಯಿಂದ ಮಿದುಳಿನ ಕ್ಷೇತ್ರವನ್ನೂ ಹಿಡಿದರು. ಆದರೆ ಗದ್ದಲವೇ ಹೆಚ್ಚು, ಮಾತು ಕಮ್ಮಿ ಎಂಬಂತಾಯಿತು. ತಾಮ್ರದಲ್ಲಿ ಶಾಖದಿಂದಾಗಿ ಎಲೆಕ್ಟ್ರಾನುಗಳು ಸದಾ ಎತ್ತೆತ್ತಲೋ ಓಡಾಡುತ್ತಿರುತ್ತವೆ. ಅವುಗಳ ಗುಜುಗುಜುವೇ ಮಿದುಳಿನ ಪಿಸುಮಾತನ್ನು ಮುಳುಗಿಸಿಬಿಡುತ್ತದೆ.

ಎಲೆಕ್ಟ್ರಾನುಗಳನ್ನು ಸುಮ್ಮನಾಗಿಸುವ ಉಪಾಯ 1911ರಲ್ಲೇ ಸಿಕ್ಕಿತ್ತು. ಹಾಲೆಂಡಿನ ಕಾಮರ್ಲಿಂಗ್ ಆನೆಸ್ ಪಾದರಸವನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ತಣ್ಣಗಾಗಿಸಿದಾಗ ಅದರ ವಿದ್ಯುತ್ ತಡೆ ದಿಢೀರನೆ ಸೊನ್ನೆಯಾಯಿತು. ಇಂಥ ವಸ್ತುಗಳೇ ಅತಿವಾಹಕಗಳು. ಅತಿವಾಹಕದ ಬಳೆಯಲ್ಲಿ ಒಮ್ಮೆ ಕರೆಂಟು ಹರಿಯಬಿಟ್ಟರೆ ಬ್ಯಾಟರಿಯ ಹಂಗಿಲ್ಲದೆ ಅದು ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಕಾರಣವೇನೆಂದರೆ ಅಷ್ಟು ಚಳಿಯಲ್ಲಿ ಎಲೆಕ್ಟ್ರಾನುಗಳು ಒಂಟಿಯಾಗಿ ಅಲೆಯುವುದನ್ನು ಬಿಟ್ಟು ಜೋಡಿಗಟ್ಟುತ್ತವೆ. ಆ ಜೋಡಿಗಳೆಲ್ಲ ಸೇರಿ ಒಂದೇ ಅಲೆಯಂತೆ ವರ್ತಿಸುತ್ತವೆ.

ಈ ಅಲೆಯಿಂದಾಗಿ ಒಂದು ವಿಚಿತ್ರ ನಿಯಮ ಹುಟ್ಟುತ್ತದೆ. ಕೈಬಳೆಯೊಂದರ ಸುತ್ತ ಅಲೆಯಲೆಯಾದ ಚಿತ್ತಾರ ಬರೆಯುತ್ತ ಹೋಗಿ. ಒಂದು ಸುತ್ತು ಬಂದಾಗ ಚಿತ್ತಾರದ ಕೊನೆ ಅದರ ಆರಂಭಕ್ಕೆ ಸರಿಯಾಗಿ ಕೂಡಬೇಕಲ್ಲ? ಮೂರು ಅಲೆ ಕೂಡುತ್ತದೆ, ನಾಲ್ಕೂ ಕೂಡುತ್ತದೆ, ಮೂರೂವರೆ ಕೂಡದು. ಅತಿವಾಹಕ ಬಳೆಯೊಳಗಿನ ಅಲೆಗೂ ಇದೇ ಕಟ್ಟು. ಹೀಗಾಗಿ ಅಂಥ ಬಳೆಯ ನಡುವೆ ಕಾಂತಪ್ರವಾಹ ಬೇಕಾದಷ್ಟು ಬೇಕಾದ ಹಾಗೆ ನಿಲ್ಲುವಂತಿಲ್ಲ, ಕಂತುಕಂತಾಗಿಯೇ ನಿಲ್ಲಬೇಕು. 1961ರಲ್ಲಿ ಅಮೆರಿಕ ಮತ್ತು ಜರ್ಮನಿಯ ಎರಡು ತಂಡಗಳು ಬೇರೆಬೇರೆಯಾಗಿ ಇದನ್ನು ಪ್ರಯೋಗದಿಂದ ತೋರಿಸಿದವು. ಒಂದು ಕಂತು ಎಷ್ಟು ಚಿಕ್ಕದೆಂದರೆ, ಒಂದು ಚದರ ಸೆಂಟಿಮೀಟರ್ ಜಾಗದ ಮೂಲಕ ಭೂಮಿಯ ಕಾಂತಕ್ಷೇತ್ರ ನೇರವಾಗಿ ಹಾಯ್ದರೆ ಅದರಲ್ಲಿ ಸುಮಾರು ಇಪ್ಪತ್ತು ಲಕ್ಷ ಕಂತುಗಳಿರುತ್ತವೆ. ಪ್ರಕೃತಿಯೇ ಇಷ್ಟು ಸೂಕ್ಷ್ಮವಾದ ಅಳತೆಗೋಲನ್ನು ಕೊಟ್ಟಮೇಲೆ ಅದನ್ನು ಓದುವ ಬಗೆಯೊಂದೇ ಬಾಕಿ.

ಆ ಬಗೆಯನ್ನು ತೋರಿಸಿದವನು ಒಬ್ಬ ವಿದ್ಯಾರ್ಥಿ. 1962ರಲ್ಲಿ ಕೇಂಬ್ರಿಜ್‌ನ ಬ್ರಯಾನ್ ಜೋಸೆಫ್‌ಸನ್‌ಗೆ ಇಪ್ಪತ್ತೆರಡು ವರ್ಷ. ಎರಡು ಅತಿವಾಹಕಗಳ ನಡುವೆ ವಿದ್ಯುತ್ ಹರಿಯದ ತೆಳುಪೊರೆಯೊಂದನ್ನು ಇಟ್ಟರೂ ಎಲೆಕ್ಟ್ರಾನ್ ಜೋಡಿಗಳು ಅದರಾಚೆ ನುಸುಳಬಲ್ಲವು, ಅದೂ ವೋಲ್ಟೇಜಿನ ನೂಕು ಇಲ್ಲದೆಯೇ, ಎಂದು ಆತ ಲೆಕ್ಕ ಹಾಕಿ ಹೇಳಿದ. ಟ್ರಾನ್ಸಿಸ್ಟರಿಗಾಗಿ ಆಗಲೇ ನೊಬೆಲ್ ಪಡೆದಿದ್ದ, ಅತಿವಾಹಕತೆಯ ಸಿದ್ಧಾಂತವನ್ನೂ ರೂಪಿಸಿದ್ದ ಜಾನ್ ಬಾರ್ಡೀನ್ ಅವರೇ ಇದನ್ನು ಒಪ್ಪಲಿಲ್ಲ. ಮರುವರ್ಷವೇ ಬೆಲ್ ಪ್ರಯೋಗಾಲಯದ ಆಂಡರ್‌ಸನ್ ಮತ್ತು ರೊವೆಲ್ ನಡೆಸಿದ ಪ್ರಯೋಗ ಹುಡುಗನ ಪರವಾಗಿ ತೀರ್ಪು ಕೊಟ್ಟಿತು. 1973ರಲ್ಲಿ ಜೋಸೆಫ್‌ಸನ್ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ.

ಇಳಕಲ್ ಸೀರೆ ಉಟ್ಟವರಿಗೆ ಈ ಜೋಸೆಫ್‌ಸನ್ ಸಂಧಿ ಅಷ್ಟೇನೂ ಅಪರಿಚಿತವಲ್ಲ. ಆ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಅವೆರಡನ್ನೂ ಕುಣಿಕೆಗೆ ಕುಣಿಕೆ ಹಾಕಿ ಕೂಡಿಸುವ ನೇಕಾರರ ಕೌಶಲಕ್ಕೆ ‘ಕೊಂಡಿ’ ಎಂದೇ ಹೆಸರು. ಎರಡು ಬಟ್ಟೆ ಸೇರಿ ಒಂದೇ ಸೀರೆಯಾಗುತ್ತದೆ. ಜೋಸೆಫ್‌ಸನ್ ಸಂಧಿಯೂ ಎರಡು ಅತಿವಾಹಕಗಳ ಕೊಂಡಿಯೇ. ವ್ಯತ್ಯಾಸವೇನೆಂದರೆ ಇಲ್ಲಿ ನೂಲಿಲ್ಲ. ನಡುವೆ ಇರುವುದು ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದೆರಡು ಪಾಲಿನಷ್ಟು ದಪ್ಪದ ಪೊರೆ. ಅದರಾಚೆಗೂ ಅಲೆ ಅಲೆಯನ್ನು ಕೂಡುತ್ತದೆ. ಈ ಕೂಟ ಗಟ್ಟಿಯಲ್ಲ, ನಾಜೂಕು. ಆ ನಾಜೂಕೇ ಇಲ್ಲಿ ಉಪಯೋಗಕ್ಕೆ ಬರುವುದು.

1964ರಲ್ಲಿ ಫೋರ್ಡ್ ಕಾರು ಕಂಪನಿಯ ಪ್ರಯೋಗಾಲಯದ ನಾಲ್ವರು ವಿಜ್ಞಾನಿಗಳು ಅತಿವಾಹಕದ ಒಂದು ಬಳೆ ಮಾಡಿ ಅದರ ಎರಡೂ ಬದಿಗಳಲ್ಲಿ ಒಂದೊಂದು ಇಂಥ ಕೊಂಡಿ ಇಟ್ಟರು. ಅದೇ ‘ಸ್ಕ್ವಿಡ್’. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಅಕ್ಷರಗಳನ್ನು ಪೋಣಿಸಿದರೆ ಸಿಗುವ ಪುಟ್ಟ ಹೆಸರು ಇದು. ಅದರ ಕೆಲಸ ತಿಳಿಯಲು ಬಾದಾಮಿಯ ಅಗಸ್ತ್ಯತೀರ್ಥದ ದಂಡೆಗೆ ಬನ್ನಿ. ನಿಂತ ನೀರಿಗೆ ಒಂದಿಷ್ಟು ದೂರದಲ್ಲಿ ಎರಡು ಕಲ್ಲುಗಳನ್ನು ಒಟ್ಟಿಗೆ ಎಸೆಯಿರಿ. ಎರಡರ ಅಲೆಗಳೂ ಹರಡಿ ಒಂದನ್ನೊಂದು ಸಂಧಿಸುತ್ತವೆ. ಉಬ್ಬಿಗೆ ಉಬ್ಬು ಕೂಡಿದಲ್ಲಿ ನೀರು ಇನ್ನಷ್ಟು ಏಳುತ್ತದೆ. ಉಬ್ಬಿಗೆ ತಗ್ಗು ಕೂಡಿದಲ್ಲಿ ನೀರು ಸಮವಾಗುತ್ತದೆ.

ಸ್ಕ್ವಿಡ್ ಬಳೆಗೆ ಒಂದು ಬದಿಯಿಂದ ಕರೆಂಟು ಕೊಟ್ಟರೆ ಅದು ಎರಡು ದಾರಿಯಾಗಿ ಒಡೆದು, ಒಂದೊಂದು ಕೊಂಡಿಯನ್ನು ದಾಟಿ, ಮತ್ತೊಂದು ಬದಿಯಲ್ಲಿ ಕೂಡುತ್ತದೆ. ಬಳೆಯ ನಡುವೆ ಕಾಂತಕ್ಷೇತ್ರ ಹಾಯ್ದರೆ ಒಂದು ದಾರಿಯ ಅಲೆ ತುಸು ಮುಂದಾಗುತ್ತದೆ, ಇನ್ನೊಂದು ಹಿಂದಾಗುತ್ತದೆ. ಅಲೆಗಳು ಹೆಜ್ಜೆಗೆ ಹೆಜ್ಜೆ ಕೂಡಿದರೆ ಕರೆಂಟು ಸಲೀಸು. ಹೆಜ್ಜೆ ತಪ್ಪಿದರೆ ತಡೆ ಹುಟ್ಟಿ, ಬಳೆಯ ಎರಡು ತುದಿಗಳ ನಡುವೆ ವೋಲ್ಟೇಜು ಏರುತ್ತದೆ. ಕ್ಷೇತ್ರವನ್ನು ಹೆಚ್ಚಿಸುತ್ತ ಹೋದಂತೆ ವೋಲ್ಟೇಜು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಒಂದು ಏರಿಳಿತವೆಂದರೆ ಕಾಂತಪ್ರವಾಹದ ಒಂದು ಕಂತು.

ಒಂದು ಕಂತೂ ಮಿದುಳಿಗೆ ದೊಡ್ಡದೇ. ಚದರ ಸೆಂಟಿಮೀಟರಿನ ಜಾಗದಲ್ಲಿ ಮಿದುಳಿನ ಕ್ಷೇತ್ರ ತರುವುದು ಒಂದು ಕಂತಿನ ಇನ್ನೂರರ ಒಂದು ಪಾಲು ಮಾತ್ರ. ಹಾಗಾಗಿ ಕಂತು ಎಣಿಸುತ್ತ ಕೂತರೆ ಆಗದು. ಇಲ್ಲಿ ಎಲೆಕ್ಟ್ರಾನಿಕ್ ಮಂಡಲ ಅಂಗಡಿಯವನ ತಕ್ಕಡಿಯ ಉಪಾಯ ಮಾಡುತ್ತದೆ. ತಕ್ಕಡಿಯ ಮುಳ್ಳು ಒಂದಿಷ್ಟು ವಾಲಿದರೆ ಅಂಗಡಿಯವನು ಎದುರು ತಟ್ಟೆಗೆ ಬೊಟ್ಟು ಹಾಕಿ ಮುಳ್ಳನ್ನು ನಡುವಿಗೆ ತರುತ್ತಾನೆ. ಹಾಕಿದ ಬೊಟ್ಟೇ ತೂಕ. ಹಾಗೆಯೇ ವೋಲ್ಟೇಜು ಒಂದಿಷ್ಟು ಕದಲಿದರೂ ಮಂಡಲವು ಎದುರು ಕಾಂತಪ್ರವಾಹ ಕೊಟ್ಟು ಅದನ್ನು ಮೊದಲ ಸ್ಥಾನಕ್ಕೆ ತರುತ್ತದೆ. ಎಷ್ಟು ಕೊಡಬೇಕಾಯಿತೋ ಅದೇ ಅಳತೆ. ಹೀಗೆ ಒಂದು ಕಂತಿನ ಲಕ್ಷದ ಪಾಲಿಗಿಂತಲೂ ಚಿಕ್ಕ ಬದಲಾವಣೆಯನ್ನು ಓದಬಹುದು.

ಆದರೆ ಈ ತಕ್ಕಡಿ ಕೆಲಸ ಮಾಡುವುದು ಕಡು ಚಳಿಯಲ್ಲಿ. ಸ್ಕ್ವಿಡ್‌ಗೆ ಬಳಸುವ ನಯೋಬಿಯಂ ಲೋಹ ಅತಿವಾಹಕವಾಗಬೇಕಾದರೆ ಮೈನಸ್ 264 ಡಿಗ್ರಿಗಿಂತ ಕೆಳಗಿಳಿಯಬೇಕು. ಅಲ್ಲಿಗೆ ಕರೆದೊಯ್ಯುವುದು ದ್ರವ ಹೀಲಿಯಂ. ಈ ಹೀಲಿಯಂನ ಚರಿತ್ರೆಯಲ್ಲಿ ಬಾಗಲಕೋಟೆ ಜಿಲ್ಲೆಗೂ ಒಂದು ಪುಟವಿದೆ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತವನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾಯ್ದುಹೋಯಿತು. ಫ್ರಾನ್ಸಿನ ಜಾನ್ಸೆನ್ ಆಂಧ್ರದ ಗುಂಟೂರಿನಲ್ಲಿ ಕಾದು ಕೂತಿದ್ದರೆ, ನಮ್ಮ ಜಮಖಂಡಿಯಲ್ಲಿ ದೂರದರ್ಶಕ, ರೋಹಿತದರ್ಶಕ ಹೂಡಿ ಕೂತವರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಈತ. ಶ್ರಾವಣದ ಮೋಡಗಳು ಕಾಡಿದರೂ ಬಿಡುವು ಸಿಕ್ಕ ಕ್ಷಣಗಳಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಅವರು ಸೀಳಿ ನೋಡಿದರು. ಕೆಂಪು, ಕಿತ್ತಳೆ, ನೀಲಿ ಎಂದು ಮೂರು ಉಜ್ವಲ ಗೆರೆಗಳು ಕಂಡವು. ಕಿತ್ತಳೆಯ ಗೆರೆ ಸೋಡಿಯಂನದಿರಬೇಕು ಎಂಬುದು ಆಗಿನ ಮೊದಲ ಊಹೆ. ಅದೇ ವರ್ಷ ಇಂಗ್ಲೆಂಡಿನ ಲಾಕ್ಯರ್ ಆ ಗೆರೆ ಸೋಡಿಯಂನದಲ್ಲ ಎಂದು ಗುರುತಿಸಿದರು. ಭೂಮಿಯ ಮೇಲೆ ಯಾರೂ ಕಾಣದ ಆ ಮೂಲವಸ್ತುವಿಗೆ ಗ್ರೀಕರ ಸೂರ್ಯ ‘ಹೀಲಿಯೊಸ್’ನ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. 1895ರಲ್ಲಿ ರ‍್ಯಾಮ್ಸೆ ಅದನ್ನು ಯುರೇನಿಯಂ ಅದಿರಿನಲ್ಲಿ ಪತ್ತೆ ಮಾಡಿದರು. 1908ರಲ್ಲಿ ಆನೆಸ್ ಅದನ್ನು ದ್ರವವಾಗಿಸಿದರು. ಆ ದ್ರವವೇ ಅತಿವಾಹಕತೆಯ ಬಾಗಿಲು ತೆರೆಯಿತು. ಜಮಖಂಡಿಯ ಮೋಡದ ಸಂದಿಯಲ್ಲಿ ಕಂಡ ಕಿತ್ತಳೆ ಗೆರೆಯ ವಸ್ತುವೇ ಇಂದು ಸ್ಕ್ವಿಡ್ ಬಳೆಯನ್ನು ತಣ್ಣಗಿಡುತ್ತಿದೆ.

ತಣ್ಣಗಾದರೆ ಸಾಲದು, ಹೊರಗಿನ ಗದ್ದಲವನ್ನೂ ತಡೆಯಬೇಕು. ರಸ್ತೆಯಲ್ಲಿ ಹೋಗುವ ಲಾರಿ, ಮೇಲೆ ಕೆಳಗೆ ಓಡಾಡುವ ಲಿಫ್ಟು, ಗೋಡೆಯೊಳಗಿನ ಕರೆಂಟು ತಂತಿ, ಎಲ್ಲದರ ಕಾಂತಕ್ಷೇತ್ರವೂ ಮಿದುಳಿನದಕ್ಕಿಂತ ಎಷ್ಟೋ ಪಾಲು ದೊಡ್ಡದು. ಬನಶಂಕರಿ ಜಾತ್ರೆಯಲ್ಲಿ ತೇರು ಎಳೆಯುವಾಗ ಇರುವೆಯ ಹೆಜ್ಜೆ ಸಪ್ಪಳ ಆಲಿಸಿದಂತೆ. ಇದಕ್ಕೆ ಎರಡು ಉಪಾಯಗಳಿವೆ. ಒಂದು, ಹೊರಗಿನ ಕಾಂತಕ್ಷೇತ್ರವನ್ನು ತನ್ನೊಳಗೇ ಬಳಸಿ ಸಾಗಿಸುವ ವಿಶೇಷ ಮಿಶ್ರಲೋಹದ ಗೋಡೆಗಳ ಕೋಣೆ. ಎರಡು, ವಿರುದ್ಧ ದಿಕ್ಕಿಗೆ ಸುತ್ತಿದ ಸುರುಳಿಗಳ ಜೋಡಿ. ದೂರದ ಲಾರಿಯ ಕ್ಷೇತ್ರ ಎರಡು ಸುರುಳಿಗೂ ಒಂದೇ ಸಮ ತಾಗುವುದರಿಂದ ಕೂಡಿ ಕಳೆದು ಸೊನ್ನೆಯಾಗುತ್ತದೆ. ಹತ್ತಿರದ ತಲೆಯ ಕ್ಷೇತ್ರ ಮಾತ್ರ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ತಾಗುವುದರಿಂದ ಉಳಿಯುತ್ತದೆ. ಇಂಥ ಕೋಣೆಯಲ್ಲಿ ಕೂತು 1972ರಲ್ಲಿ ಅದೇ ಡೇವಿಡ್ ಕೋಹೆನ್ ಸ್ಕ್ವಿಡ್ ಹಿಡಿದು ಮಿದುಳಿನ ಕಾಂತಲೇಖವನ್ನು ಸ್ಪಷ್ಟವಾಗಿ ದಾಖಲಿಸಿದರು. ಅದರ ಹೆಸರು ಎಂಇಜಿ.

ಸ್ಕ್ವಿಡ್ ಕಲ್ಲಿನ ಮಾತನ್ನೂ ಕೇಳುತ್ತದೆ. ಶಿಲೆ ರೂಪುಗೊಳ್ಳುವಾಗ ಅದರೊಳಗಿನ ಕಬ್ಬಿಣದ ಕಣಗಳು ಆಗಿನ ಭೂಕಾಂತದ ದಿಕ್ಕಿಗೆ ತಿರುಗಿ ಹಾಗೆಯೇ ನಿಂತುಬಿಡುತ್ತವೆ. 1950ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ದಖ್ಖನ್ ಲಾವಾ ಶಿಲೆಗಳ ಈ ನೆನಪನ್ನು ಓದಿ, ಆ ಲಾವಾ ಹೆಪ್ಪುಗಟ್ಟಿದ ಕಾಲಕ್ಕೆ ಭಾರತ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಎಂದು ತೋರಿಸಿದರು. ಲಾವಾದ ನೆನಪು ಗಟ್ಟಿ. ಬಾದಾಮಿಯ ಗುಹೆಗಳಲ್ಲಿ ಕಾಣುವ ಕೆಂಪು ಮರಳುಗಲ್ಲಿನಂಥ ಶಿಲೆಗಳಲ್ಲಿ ಅದು ತೀರ ಮಂದ. ಅಂಥವನ್ನು ಓದಲು ಇಂದು ಸ್ಕ್ವಿಡ್ ಇರುವ ಕಾಂತಮಾಪಕಗಳು ನೆರವಾಗುತ್ತವೆ.

ಈಗ ಮತ್ತೆ ಆ ಹುಡುಗನ ಬಳಿ ಬರೋಣ. ಮೂರ್ಛೆರೋಗವಿದ್ದ ಎಲ್ಲರಿಗೂ ಎಂಇಜಿ ಬೇಕಿಲ್ಲ. ತಜ್ಞ ವೈದ್ಯರು ರೋಗಿಯನ್ನೂ ಮೂರ್ಛೆಯನ್ನು ಕಣ್ಣಾರೆ ಕಂಡವರನ್ನೂ ವಿಚಾರಿಸಿ, ಇಇಜಿ ಮಾಡಿಸಿ, ಮಾತ್ರೆ ಕೊಡುತ್ತಾರೆ. ಸರಿಯಾಗಿ ಚಿಕಿತ್ಸೆ ಪಡೆದರೆ ನೂರಕ್ಕೆ ಎಪ್ಪತ್ತು ಜನ ಮೂರ್ಛೆಯಿಲ್ಲದೆ ಬದುಕಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಾತ್ರೆಗೆ ಬಗ್ಗದ ಉಳಿದವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ದಾರಿಯಾಗುತ್ತದೆ. ಆಗ ಮೂರ್ಛೆ ಹುಟ್ಟುವ ಜಾಗ ಕರಾರುವಾಕ್ಕಾಗಿ ಗೊತ್ತಾಗಬೇಕು. ತಲೆಗೆ ತಂತಿ ಅಂಟಿಸಿ ತೆಗೆಯುವ ಇಇಜಿಯಲ್ಲಿ ಮಿದುಳಿನ ವಿದ್ಯುತ್ತು ಬುರುಡೆಯ ಮೂಳೆ ದಾಟುವಾಗ ಚದುರಿ ಮಸಕಾಗುತ್ತದೆ. ಕಾಂತಕ್ಷೇತ್ರಕ್ಕೆ ಮೂಳೆಯ ಅಡ್ಡಿಯಿಲ್ಲ. ಆದ್ದರಿಂದ ಎಂಇಜಿಯ ಸುಳಿವನ್ನು ಎಂಆರ್‌ಐ ಚಿತ್ರದ ಮೇಲೆ ಇಟ್ಟು ನೋಡಿದರೆ ವೈದ್ಯರಿಗೆ ಜಾಗ ಹುಡುಕುವುದು ಸುಲಭ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಎಂಇಜಿ ಕೇಂದ್ರವಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನ ಕೇಂದ್ರದ ವಿಜ್ಞಾನಿಗಳು ಸ್ಕ್ವಿಡ್‌ಗಳನ್ನು ತಾವೇ ತಯಾರಿಸಿ, ಹೃದಯ ಮತ್ತು ಮಿದುಳಿನ ಕಾಂತಕ್ಷೇತ್ರ ಅಳೆಯುವ ವ್ಯವಸ್ಥೆಯನ್ನೂ ಕಟ್ಟಿದ್ದಾರೆ. ಎಂಇಜಿ ಯಂತ್ರ ನೋಡಲು ಬ್ಯೂಟಿ ಪಾರ್ಲರಿನ ಕೂದಲು ಒಣಗಿಸುವ ಟೊಪ್ಪಿಗೆಯಂತೆ. ಒಳಗೆ ನೂರಾರು ಸ್ಕ್ವಿಡ್‌ಗಳು ದ್ರವ ಹೀಲಿಯಂನಲ್ಲಿ ಮುಳುಗಿರುತ್ತವೆ. ಮಗುವಿನ ಬೆಚ್ಚನೆಯ ತಲೆಗೂ ಮೈನಸ್ 269 ಡಿಗ್ರಿಗೂ ಅಂತರ ಎರಡು ಮೂರು ಸೆಂಟಿಮೀಟರ್ ಅಷ್ಟೆ; ನಡುವೆ ಥರ್ಮಾಸ್ ಫ್ಲಾಸ್ಕಿನಂಥ ನಿರ್ವಾತದ ಗೋಡೆ. ಚುಚ್ಚುವುದಿಲ್ಲ, ವಿಕಿರಣ ಹಾಯಿಸುವುದಿಲ್ಲ, ಶಾಕ್ ಕೊಡುವುದಿಲ್ಲ. ಯಂತ್ರ ಬರೀ ಆಲಿಸುತ್ತದೆ. ಹೀಲಿಯಂ ದುಬಾರಿಯಾದ್ದರಿಂದ ಅದರ ಅಗತ್ಯವೇ ಇಲ್ಲದ, ರುಬಿಡಿಯಂ ಆವಿ ಮತ್ತು ಲೇಸರಿನಿಂದ ನಡೆಯುವ ಹೊಸ ಸಂವೇದಕಗಳೂ ಈಗ ಬಂದಿವೆ.

ಅಲ್ಲಿಯವರೆಗೂ ಹೋಗುವ ಮುನ್ನ, ಕಣ್ಣೆದುರು ಮಗು ಬಿದ್ದಾಗ ಮಾಡಬೇಕಾದ್ದು ಇಷ್ಟೆ. ಗಾಬರಿಯಾಗಬೇಡಿ. ಸುತ್ತಲಿನ ಚೂಪು ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಕೊರಳಿನ ಗುಂಡಿ ಸಡಿಲಿಸಿ, ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ನೀರು, ಚಮಚ ಏನನ್ನೂ ಹಾಕಬೇಡಿ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ, ಇಲ್ಲವೆ ಎಚ್ಚರವಾಗುವ ಮುನ್ನವೇ ಮತ್ತೆ ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮರುದಿನ ಆ ಮಗು ಶಾಲೆಗೆ ಬಂದಾಗ ಬೆಂಚಿನ ಗೆಳೆಯರು ದೂರ ಸರಿಯದಂತೆ ನೋಡಿಕೊಳ್ಳಿ. ಇದು ಅಂಟುರೋಗವಲ್ಲ, ಗಾಳಿ ಸೋಕಿದ್ದೂ ಅಲ್ಲ.

ಕೀಲಿ ಗೊಂಚಲು? ಎಂಇಜಿ ಕೋಣೆಯ ಬಾಗಿಲಲ್ಲೇ ಅದನ್ನು ಕೇಳಿ ತೆಗೆದಿಡುತ್ತಾರೆ. ಜೊತೆಗೆ ಪಿನ್ನು, ಬಕ್ಕಲು, ಗಡಿಯಾರ, ಉಡದಾರದ ತಾಯತವನ್ನೂ. ಒಳಗಿರುವ ಬಳೆಗೆ ಮಗುವಿನ ಮಿದುಳಿನ ಮಾತು ಕೇಳಿಸಬೇಕಾದರೆ ಕಬ್ಬಿಣ ಹೊರಗೇ ಇರಬೇಕು.